ಹೊನ್ನೆ ಲೋಟ ಕಳಿಸಿದ್ದೀನಿ

ಪಿರಿಯಾಪಟ್ಟಣ

ಪ್ರೀತಿಯ ಅಣ್ಣ,

ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗಿನಿಂದ ತಟ್ಟೆ ಮುಂದೆ ಮಂಕಾಗಿ ಕೂರುತ್ತೀಯಂತೆ, ಅತ್ತಿಗೆ ಫೋನಿನಲ್ಲಿ ಹೇಳಿದರು. ನೀನು ಕೇಳಿದ, ಹೊನ್ನೆ ಮರದಲ್ಲಿ ಕಡೆದ ಲೋಟ ಕೆ.ಆರ್. ನಗರಕ್ಕೆ ಬರುವವರ ಕೈಲಿ ಕಳಿಸಿದ್ದೀನಿ. ಅದನ್ನು ಎಷ್ಟು ನಂಬಬೇಕು ಅಂತ ಹೇಳೋಕೇ ಈ ಕಾಗದ.

ರಾತ್ರಿ ನೀರು ತುಂಬಿ ಮುಚ್ಚಿಡು. ಬೆಳಿಗ್ಗೆ ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿ. ನೀರು ಕಂದು ತಿರುಗಿರುತ್ತೆ, ಓರೆ ಮಾಡಿದರೆ ಅಂಚಿನಲ್ಲಿ ನೀಲಿ ಮಿಂಚುತ್ತೆ. ಆ ನೀಲಿಯೇ ಹೊನ್ನೆಯ ಗುರುತು. ಬಾಯಿಗೆ ಒಗರು. ದಿನ ಕಳೆದ ಹಾಗೆ ಬಣ್ಣ ತೆಳುವಾಗುತ್ತೆ. ಪೂರಾ ನಿಂತಿತು ಅಂದರೆ ಲೋಟದ ಸತ್ವ ತೀರಿತು ಅಂತ ಲೆಕ್ಕ.

ಎಚ್.ಡಿ. ಕೋಟೆಯ ಕಾಕನಕೋಟೆಯಲ್ಲಿ, ಹುಣಸೂರಿನಾಚೆ ನಾಗರಹೊಳೆಯಲ್ಲಿ ತೇಗ, ಮತ್ತಿಗಳ ನಡುವೆ ಬೆಳೆಯೋ ಮರ ಇದು. ತೊಗಟೆಗೆ ಕತ್ತಿ ತಗುಲಿದರೆ ರಕ್ತದಂಥ ರಸ ಒಸರಿ, ಒಣಗಿ, ಕಪ್ಪುಗೆಂಪು ಹರಳಾಗುತ್ತೆ. ಆ ಅಂಟು ಭೇದಿಗೆ ಮದ್ದು. ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಗೆ, ಬೇಕಾದ್ದು ಮರದ ಒಳಗಿನ ಚೇಗು. ಅಷ್ಟಾಂಗಹೃದಯದಲ್ಲಿ ವಾಗ್ಭಟ ಪ್ರಮೇಹಕ್ಕೆ ಹೇಳಿದ ಅಸನಾದಿ ಗಣ ಅನ್ನೋ ಮೂಲಿಕೆಗಳ ಗುಂಪು ಈ ಮರದ ಹೆಸರಿನಿಂದಲೇ ಶುರುವಾಗುತ್ತೆ. ಅಸನ ಅಂದರೆ ನಮ್ಮ ಹೊನ್ನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಪರೀಕ್ಷೆ ಮಾಡಿತ್ತು. 1998ರಲ್ಲಿ ಬಂದ ವರದಿಯ ಪ್ರಕಾರ 12 ವಾರದಲ್ಲಿ 97 ಮಂದಿಯ ಪೈಕಿ 67 ಮಂದಿಗೆ ಸಕ್ಕರೆ ಹತೋಟಿಗೆ ಬಂತು. ಆದರೆ ಅಣ್ಣ, ಅವರಿಗೆ ಕೊಟ್ಟದ್ದು ತೂಕ ಮಾಡಿದ ಸಾರ, ಲೋಟದ ನೀರಲ್ಲ. ಅವರ ಕಾಯಿಲೆಯೂ ಇನ್ನೂ ಮೊದಲ ಹಂತದ್ದು. ಅದಕ್ಕೇ ಕೈಮುಗಿದು ಹೇಳ್ತೀನಿ, ಲೋಟ ಬಂತು ಅಂತ ಮಾತ್ರೆ ಬಿಡಬೇಡ. ಡಾಕ್ಟರಿಗೆ ಹೇಳಿಯೇ ಕುಡಿಯೋಕೆ ಶುರುಮಾಡು. ಎರಡೂ ಸೇರಿ ಸಕ್ಕರೆ ತೀರಾ ಇಳಿದರೆ ಬೆವರು ಬರುತ್ತೆ, ಕೈ ನಡುಗುತ್ತೆ. ಆಗ ತಕ್ಷಣ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊ. ಅತ್ತಿಗೆಗೂ ಇದನ್ನು ಓದಿ ಹೇಳು.

ಇನ್ನೊಂದು ಮಾತು. ನೆಂಟರಿಗೆಲ್ಲ ಒಂದೊಂದು ಲೋಟ ಕಳಿಸು ಅಂತ ಕೇಳಬೇಡ. ಲೋಟ ಕಡೆಯೋಷ್ಟು ಚೇಗು ಕೂಡೋಕೆ ದಶಕಗಳು ಬೇಕು, ಅದಕ್ಕೆ ಒಂದು ಬೆಳೆದ ಮರವೇ ಉರುಳಬೇಕು. ಮಳೆಗಾಲದಲ್ಲಿ ಹೊನ್ನೆ ಸಸಿ ತಂದುಕೊಡ್ತೀನಿ, ತೋಟದ ಬದುವಿನಲ್ಲಿ ನೆಡು.

ಹೊಟ್ಟೆ ಖಾಲಿ ಇದ್ದಾಗ ಒಂದು ಸಲ, ಊಟವಾಗಿ ಎರಡು ಗಂಟೆಗೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಚೀಟಿಯ ಫೋಟೊ ಕಳಿಸು. ನಾನು ಕಾಯ್ತಿರ್ತೀನಿ.

ನಿನ್ನ ತಂಗಿ