17 ಫೋಲ್ಡರ್, ಒಂದು ಟೋಕನ್

ಕಾಲುವೆಗೆ ನೀರು ಬಿಟ್ಟರೆ ಸಿಂಧನೂರಿನಲ್ಲಿ ಮಾತೆಲ್ಲ ಭತ್ತದ್ದೇ. ಅಂಥ ಊರಿನ ಮಾಳಿಗೆ ಮನೆಯೊಂದರಲ್ಲಿ ಸಾಫ್ಟ್‌ವೇರ್ ಹುಡುಗನೊಬ್ಬ ಸಂಜೆಯಾದರೆ ಶೆಲ್ ಸ್ಕ್ರಿಪ್ಟ್ ತಿದ್ದುತ್ತ ಕೂರುತ್ತಾನೆ. ಕಂಪನಿ ಕೆಲಸವಲ್ಲ, ಚಟ.

2021ರ ಆಗಸ್ಟ್ 13ರಂದು, ಕೋಡ್ ಇಟ್ಟುಕೊಳ್ಳುವ ಜಾಲತಾಣ ಗಿಟ್‌ಹಬ್, ಗಿಟ್ ವ್ಯವಹಾರಕ್ಕೆ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದದ್ದು ಟೋಕನ್: 'ಜಿಎಚ್‌ಪಿ' ಎಂದು ಶುರುವಾಗುವ, ಬಾಯಿಪಾಠಕ್ಕೆ ಒಗ್ಗದ 40 ಅಕ್ಷರ. ಇವನೋ, ಅವಸರದಲ್ಲಿ ತನ್ನ 17 ರೆಪೊಸಿಟರಿಗಳ, ಅಂದರೆ ಕೋಡ್ ಫೋಲ್ಡರುಗಳ, ರಿಮೋಟ್ ವಿಳಾಸದೊಳಗೇ ಅದನ್ನು ತುರುಕಿಟ್ಟಿದ್ದ. ಬೀಗದಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಕಾನ್ಫಿಗ್ ಫೈಲ್ ತೆರೆದವರಿಗೆಲ್ಲ ಕಾಣುತ್ತದೆ. ಅವಧಿ ಮುಗಿದರೆ 17 ಕಡೆ ತಿದ್ದಬೇಕು.

ಲಿಂಗಸುಗೂರಿನ ಅಕ್ಕನ ಮನೆಗೆ ಹೋಗುವಾಗ ಬಸ್ಸು ಮಸ್ಕಿ ಹಾಯುತ್ತದೆ. ಅಲ್ಲಿನ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಆವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪಿಯ'ದಂಥ ಬಿರುದುಗಳಷ್ಟೇ ಇದ್ದವು. ಅವು ಯಾರವೆಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಎಲ್ಲರೂ ಓದಲೆಂದೇ ಕೊರೆಸಿದ ಹೆಸರದು. ಯಾರೂ ಓದಬಾರದ್ದನ್ನು ತಾನು ಬಯಲಿಗಿಟ್ಟಿದ್ದು ನೆನೆದು ಹುಡುಗನಿಗೆ ಬಸ್ಸಿನಲ್ಲೇ ನಾಚಿಕೆಯಾಯಿತು.

ಊರಿಗೆ ಮರಳಿ ಸ್ಕ್ರಿಪ್ಟ್ ಬರೆದ. 'ರೀಡ್'ಗೆ ಮೈನಸ್ ಎಸ್ ಸೇರಿಸಿದರೆ ಟೋಕನ್ ಅಂಟಿಸಿದರೂ ಪರದೆಯ ಮೇಲೆ ಏನೂ ಮೂಡದು. 'ಫೈಂಡ್' ಡಾಟ್ ಗಿಟ್ ಇರುವ ಫೋಲ್ಡರುಗಳನ್ನು ಹೆಕ್ಕಿ ಕೊಡುತ್ತದೆ. 'ಸೆಡ್' ವಿಳಾಸದಿಂದ ಹಳೆ ಟೋಕನ್ ಕೀಳುತ್ತದೆ, 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್' ಬೋಳು ವಿಳಾಸ ಕೂರಿಸುತ್ತದೆ. ಹೊಸ ಟೋಕನ್ ಒಂದೇ ಸಲ, ಗುಟ್ಟು ಕಾಯುವ ಕ್ರೆಡೆನ್ಶಿಯಲ್ ಹೆಲ್ಪರ್ ಕೈ ಸೇರುತ್ತದೆ. ಮುಂದಿನ ಸಲ ತಿದ್ದುವುದು ಅದೊಂದನ್ನೇ.

ಆದರೆ ಅವನಿಗೆ ನಿಜವಾದ ರುಚಿ ಸ್ಕ್ರಿಪ್ಟ್ ಓಡಿಸುವುದಕ್ಕೆ ಮೊದಲಿನ ಗಳಿಗೆಯಲ್ಲಿದೆ. ಬದಲಾವಣೆ ಮಾಡುವ ಆಜ್ಞೆಯ ಮುಂದೆ 'ಎಕೋ' ಇಟ್ಟರೆ, ಸ್ಕ್ರಿಪ್ಟ್ ಏನನ್ನೂ ಮುಟ್ಟದೆ, ಏನು ಮಾಡಲಿದೆ ಎಂಬುದನ್ನಷ್ಟೇ ಒಪ್ಪಿಸುತ್ತದೆ. ಹಾಗೆ ಒಪ್ಪಿಸಿದಾಗ 17ರ ಬದಲು 18 ಸಾಲು! ಅಪ್ಪನಿಗಾಗಿ ಮಾಡಿದ್ದ 'ಭತ್ತ ಲೆಕ್ಕ' ಫೋಲ್ಡರು 'ಭತ್ತ' ಒಂದು, 'ಲೆಕ್ಕ' ಒಂದು ಎಂದು ಸೀಳಿಹೋಗಿತ್ತು.

"ಚಾ ಆರಿತು ನೋಡು ತಮ್ಮಾ. ಅದ ಸಾಲು ಎಷ್ಟ್ ಸಲ ಓದ್ತಿ?" ಅವ್ವ ಕೇಳಿದಳು.

"ಎರಡು ಕೋಟ್ ಬಿಟ್ಟು ಹೋಗ್ಯಾವ ಬೇ."

ಕೋಟ್ ಹಾಕದ ವೇರಿಯಬಲ್ಲಿನಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಶೆಲ್ ಕತ್ತರಿ ಆಡಿಸುತ್ತದೆ. ಹೆಸರಿನ ನಡುವೆ ಅಡಿಗೆರೆ ಎಳೆದಿದ್ದರೂ ನಡೆಯುತ್ತಿತ್ತು. ಅಪ್ಪ ಇಟ್ಟ ಹೆಸರು, ಮುಟ್ಟಲು ಹುಡುಗನಿಗೆ ಮನಸ್ಸಾಗಲಿಲ್ಲ. ಓದುವ ಸಾಲನ್ನು ಬದಲಿಸಿ, ಕೋಟ್ ಹಾಕಿ, ಮತ್ತೊಮ್ಮೆ ಒಪ್ಪಿಸಿಕೊಂಡ. 'ಭತ್ತ ಲೆಕ್ಕ' ಇಡಿಯಾಗಿ ಬಂತು. 'ಎಕೋ' ತೆಗೆದು ಎಂಟರ್ ಒತ್ತಿದ. 17ಕ್ಕೆ 17. ಗಿಟ್‌ಹಬ್‌ಗೆ ಹೋಗಿ ಹಳೆ ಟೋಕನ್ ರದ್ದು ಮಾಡುವಷ್ಟರಲ್ಲಿ ಅವ್ವ ಆರಿದ ಚಾ ಒಯ್ದು ಒಲೆ ಮೇಲಿಟ್ಟಿದ್ದಳು.