ಚಳಿಗೆ ಎಷ್ಟು ಅಳತೆಗೋಲು?

ಹಿಂದಿನ ಕಾಲದ ಮಳೆ ಈಗಿನ ಮಳೆಗಿಂತ ದೊಡ್ಡದು, ಹಿಂದಿನ ಕಾಲದ ಮಾವು ಈಗಿನ ಮಾವಿಗಿಂತ ಸಿಹಿ. ಹಿರಿಯರು ಹೀಗೆ ಹೇಳಿದಾಗ ಎದುರಾಡುವ ಧೈರ್ಯ ಮನೆಯ ಮಕ್ಕಳಿಗೆ ಬರುವುದಿಲ್ಲ. ಎದುರಾಡೋಣವೆಂದರೂ ಅವರ ಕೈಯಲ್ಲಿ ಪುರಾವೆ ಇರುವುದಿಲ್ಲ. ಬ್ರಿಟನ್ನಿನಲ್ಲಿ ಈ ಮಾತು ಮಳೆಯ ಬಗ್ಗೆ ಅಲ್ಲ, ಚಳಿಯ ಬಗ್ಗೆ. ಅಲ್ಲಿ ಮಳೆ ವರ್ಷವಿಡೀ ಜಿನುಗುತ್ತಲೇ ಇರುವುದರಿಂದ ಅದನ್ನು ಯಾರೂ ಹೊಗಳುವುದಿಲ್ಲ. ಆದರೆ ಒಂದು ಚಳಿಗಾಲ ಬಿಗಿಯಾಗಿ ಹಿಡಿದು ಊರೂರೂ ಹಿಮದಲ್ಲಿ ಹೂತುಹೋಯಿತೆಂದರೆ ಹಳೆಯ ಲೆಕ್ಕಗಳೆಲ್ಲ ಹೊರಗೆ ಬರುತ್ತವೆ.

2010ರ ಡಿಸೆಂಬರ್‌ನಲ್ಲಿ ಆದದ್ದು ಅದೇ. ಅದಕ್ಕೆ ಹಿಂದಿನ ಚಳಿಗಾಲವೂ ಸುಮ್ಮನೆ ಬಿಟ್ಟಿರಲಿಲ್ಲ. ಅದೇ ವರ್ಷದ ಜನವರಿ 7ರಂದು ಅಮೆರಿಕದ ‘ಟೆರಾ’ ಉಪಗ್ರಹ ತೆಗೆದ ಚಿತ್ರದಲ್ಲಿ ಇಡೀ ಬ್ರಿಟನ್ ದ್ವೀಪ ಸುಣ್ಣ ಬಳಿದಂತೆ ಬೆಳ್ಳಗೆ ಕಂಡಿತ್ತು. ಚೇತರಿಸಿಕೊಳ್ಳುವಷ್ಟರಲ್ಲಿ ನವೆಂಬರ್ ಕೊನೆಗೆ ಮತ್ತೆ ಹಿಮ ಶುರುವಾಯಿತು. ಡಿಸೆಂಬರ್ 18ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ಮುಚ್ಚಿತು; ಕ್ರಿಸ್‌ಮಸ್‌ಗೆ ಮನೆ ಸೇರಬೇಕಾದವರು ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದರು. ಡಿಸೆಂಬರ್ 23ರಂದು ಉತ್ತರ ಐರ್ಲೆಂಡಿನ ಕ್ಯಾಸಲ್‌ಡರ್ಗ್‌ನಲ್ಲಿ ಪಾದರಸ ಶೂನ್ಯಕ್ಕಿಂತ 18.7 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು.

ಇಂಥ ಚಳಿ ಕಂಡೇ ಇಲ್ಲ ಎಂದರು ಚಿಕ್ಕವರು. ಐವತ್ತು ದಾಟಿದವರು, ಇದೇನು ಮಹಾ, 1963 ನೋಡಬೇಕಿತ್ತು ಎಂದರು. ಎಪ್ಪತ್ತು ದಾಟಿದವರು ಇಬ್ಬರ ಮಾತನ್ನೂ ತಳ್ಳಿಹಾಕಿ 1947ರ ಹೆಸರೆತ್ತಿದರು. ಮೂವರಲ್ಲಿ ಯಾರ ಮಾತು ನಿಜ?

ಬೇರೆ ದೇಶದಲ್ಲಾದರೆ ಈ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನು ತೀರ್ಮಾನಿಸಲು ಒಂದು ಕಡತವಿದೆ. ಲಂಡನ್, ಬ್ರಿಸ್ಟಲ್, ಲ್ಯಾಂಕಷೈರ್‌ಗಳ ನಡುವಿನ ತ್ರಿಕೋನಾಕಾರದ ಪ್ರದೇಶದ ಸರಾಸರಿ ಉಷ್ಣಾಂಶವನ್ನು 1659ರಿಂದ ಇಂದಿನವರೆಗೆ ತಿಂಗಳು ತಿಂಗಳಿಗೂ ಹೇಳುವ ಪಟ್ಟಿ ಅದು. ಅದರ ಹೆಸರು ಮಧ್ಯ ಇಂಗ್ಲೆಂಡ್ ಉಷ್ಣಾಂಶ ಸರಣಿ. ಉಷ್ಣಮಾಪಕದಿಂದ ಅಳೆದ ದಾಖಲೆಗಳಲ್ಲಿ ಜಗತ್ತಿನಲ್ಲೇ ಇಷ್ಟು ಉದ್ದನೆಯದು ಇನ್ನೊಂದಿಲ್ಲ. ಶಿವಾಜಿ ಮಹಾರಾಜರು ಅಫ್ಜಲ್ ಖಾನನನ್ನು ಪ್ರತಾಪಗಡದಲ್ಲಿ ಎದುರಿಸಿದ ವರ್ಷದಿಂದ ಅದು ಆರಂಭ ಎಂದರೆ ಅದರ ಹಳಮೆ ಅಂದಾಜಾದೀತು. ಹಳೆಯ ದಿನಚರಿಗಳಲ್ಲಿ, ವೈದ್ಯರ, ಪಾದ್ರಿಗಳ, ಹವ್ಯಾಸಿಗಳ ಟಿಪ್ಪಣಿಗಳಲ್ಲಿ ಚದುರಿಹೋಗಿದ್ದ ಅಂಕಿಗಳನ್ನು ಹೆಕ್ಕಿ, ತಾಳೆ ನೋಡಿ ಜೋಡಿಸಿದವರು ಗೋರ್ಡನ್ ಮ್ಯಾನ್ಲಿ ಎಂಬ ಹವಾಗುಣ ತಜ್ಞರು. 1953ರಲ್ಲೂ 1974ರಲ್ಲೂ ಅವರು ಈ ಕೆಲಸದ ಫಲವನ್ನು ಪ್ರಕಟಿಸಿದರು. ಮೊದಲ ಕೆಲವು ದಶಕಗಳ ಅಂಕಿಗಳು ನಂತರದವುಗಳಷ್ಟು ನಿಖರವಲ್ಲ. ಆದರೂ ನೆನಪಿಗಿಂತ ಅವು ಎಷ್ಟೋ ವಾಸಿ.

ಪಟ್ಟಿಯನ್ನು ಬಿಡಿಸಿದರೆ ಮೊದಲು ಗೆಲ್ಲುವವರು ಚಿಕ್ಕವರು. 2010ರ ಡಿಸೆಂಬರ್ ತಿಂಗಳ ಸರಾಸರಿ ಶೂನ್ಯಕ್ಕಿಂತ ಸುಮಾರು 0.7 ಡಿಗ್ರಿ ಕೆಳಗೆ. ಈ ಅಂಕಿ ನೋಡಲು ಸಣ್ಣದು. ಆದರೆ ಇದು ಹಗಲು ರಾತ್ರಿ ಎರಡೂ ಸೇರಿದ ಇಡೀ ತಿಂಗಳ ಸರಾಸರಿ. ಅಲ್ಲಿ ಡಿಸೆಂಬರ್ ಸಾಮಾನ್ಯವಾಗಿ ಐದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಳಿಯ ಡಿಸೆಂಬರ್ ಬೇಕೆಂದರೆ 1890ಕ್ಕೆ ಹೋಗಬೇಕು. ಅದನ್ನು ಕಂಡವರು ಯಾರೂ 2010ರಲ್ಲಿ ಬದುಕಿರಲಿಲ್ಲ. ಅಂದಮೇಲೆ ಇಂಥ ಡಿಸೆಂಬರ್ ಕಂಡೇ ಇಲ್ಲ ಎಂದವರ ಮಾತು ಅಕ್ಷರಶಃ ಸತ್ಯ.

ಆದರೆ ಚಳಿಗಾಲವೆಂದರೆ ಬರೀ ಡಿಸೆಂಬರ್ ಅಲ್ಲ. ಜನವರಿ, ಫೆಬ್ರುವರಿಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಚಿತ್ರವೇ ಬದಲಾಗುತ್ತದೆ. 2011ರ ಫೆಬ್ರುವರಿ ಆರು ಡಿಗ್ರಿ ದಾಟಿ ಬೆಚ್ಚಗಿತ್ತು. ಹಾಗಾಗಿ ಮೂರು ತಿಂಗಳ ಸರಾಸರಿ ಸುಮಾರು 3.1ಕ್ಕೆ ಏರಿಬಿಟ್ಟಿತು. ಆ ಡಿಸೆಂಬರ್‌ನ ಆರ್ಭಟವೆಲ್ಲ ಸರಾಸರಿಯಲ್ಲಿ ಕರಗಿಹೋಯಿತು. 1962–63ರ ಚಳಿಗಾಲದಲ್ಲಿ ಹೀಗಾಗಲಿಲ್ಲ. ಮೂರೂ ತಿಂಗಳು ಸೇರಿ ಅದರ ಸರಾಸರಿಯೇ ಶೂನ್ಯಕ್ಕಿಂತ 0.3 ಡಿಗ್ರಿ ಕೆಳಗೆ. 1740ರ ನಂತರ ಅಷ್ಟು ಚಳಿಯ ಚಳಿಗಾಲ ಪಟ್ಟಿಯಲ್ಲಿಲ್ಲ. ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಮಾರ್ಚ್ ಆರಂಭದವರೆಗೆ ಅನೇಕ ಕಡೆ ನೆಲ ಬಿಡಲಿಲ್ಲ. ಕೆಂಟ್ ತೀರದ ಹರ್ನ್ ಬೇಯಲ್ಲಿ ಸಮುದ್ರದ ಅಂಚೇ ಹೆಪ್ಪುಗಟ್ಟಿತು. ಇಂಗ್ಲೆಂಡಿನ ಎಫ್‌ಎ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಮೂರನೆಯ ಸುತ್ತು ಮುಗಿಯಲು 66 ದಿನ ಹಿಡಿಯಿತು. ಪಂದ್ಯಗಳ ಫಲಿತಾಂಶದ ಮೇಲೆ ನಡೆಯುತ್ತಿದ್ದ ಬಾಜಿ ನಿಲ್ಲಬಾರದಲ್ಲ? ಅದಕ್ಕಾಗಿ ಹಳೆಯ ಆಟಗಾರರ ಮಂಡಳಿಯೊಂದು ಕುಳಿತು, ಆಡದೇ ಇದ್ದ ಆಟಗಳಲ್ಲಿ ಯಾರು ಗೆಲ್ಲುತ್ತಿದ್ದರೆಂದು ತೀರ್ಮಾನಿಸಿತು! ಉಷ್ಣಮಾಪಕವನ್ನೇ ನ್ಯಾಯಾಧೀಶನಾಗಿ ಕೂರಿಸಿದರೆ ಇಪ್ಪತ್ತನೆಯ ಶತಮಾನದ ಪಟ್ಟ 1963ಕ್ಕೇ ಸಲ್ಲಬೇಕು.

ಹಾಗಾದರೆ 1947 ಎಂದವರು ಸೋತರೇ? ಅಂಕಿಯಲ್ಲಿ ಸೋತರು. ಆ ಚಳಿಗಾಲದ ಸರಾಸರಿ ಶೂನ್ಯಕ್ಕಿಂತ ಮೇಲೆ, 1.1 ಡಿಗ್ರಿ. ಜನವರಿಯ ನಡುವಿನಲ್ಲಿ ಕೆಲವು ದಿನ ವಸಂತ ಬಂದಂತೆಯೂ ಇತ್ತು. ಆದರೆ ಜನವರಿ 22ರಿಂದ ಮಾರ್ಚ್ 17ರವರೆಗೆ, 55 ದಿನ, ದೇಶದ ಒಂದಲ್ಲ ಒಂದು ಕಡೆ ದಿನವೂ ಹಿಮ ಬಿತ್ತು. ಲಂಡನ್ನಿನ ಕ್ಯೂ ವೀಕ್ಷಣಾಲಯದಲ್ಲಿ ಫೆಬ್ರುವರಿ 2ರಿಂದ 22ರವರೆಗೆ ಸೂರ್ಯನ ಮುಖವೇ ದಾಖಲಾಗಲಿಲ್ಲ.

ಹಿಮಕ್ಕಿಂತ ಹೆಚ್ಚಾಗಿ ಕಾಡಿದ್ದು ಕಾಲ. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಗೆದ್ದ ದೇಶದಲ್ಲೇ ಬ್ರೆಡ್ಡಿಗೆ ಪಡಿತರವಿತ್ತು. ಮನೆಯ ಅಗ್ಗಿಷ್ಟಿಕೆಗೂ ರೈಲಿಗೂ ವಿದ್ಯುತ್ತಿಗೂ ಕಲ್ಲಿದ್ದಲೇ ಆಧಾರ. ಗಣಿಯ ಬಾಯಲ್ಲಿ ಕಲ್ಲಿದ್ದಲು ರಾಶಿ ಬಿದ್ದಿದ್ದರೂ ಹಳಿಗಳು ಹಿಮದಡಿ ಹೂತಿದ್ದವು. ಫೆಬ್ರುವರಿಯಲ್ಲಿ ಮನೆಗಳಿಗೆ ಹಗಲಿನಲ್ಲಿ ಐದು ಗಂಟೆ ಕರೆಂಟು ನಿಂತಿತು; ಕಾರ್ಖಾನೆಗಳು ಮುಚ್ಚಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಕುಳಿತರು. ಯುದ್ಧ ಕೈದಿಗಳಾಗಿದ್ದ ಜರ್ಮನ್ನರ ಕೈಗೂ ಸಲಿಕೆ ಕೊಟ್ಟು ಹಳಿ ಬಿಡಿಸಿದರು. ದಾರಿ ಕಡಿದುಹೋದ ಹಳ್ಳಿಗಳಿಗೆ ವಾಯುಪಡೆ ಆಹಾರ ಎಸೆಯಿತು. ಫೆಬ್ರುವರಿ 13ರಂದು ಅಂಥ ಕೆಲಸಕ್ಕೆ ಹೊರಟ ವಿಮಾನವೊಂದು ಸ್ಟಾಫರ್ಡ್‌ಷೈರಿನ ಗ್ರಿಂಡನ್ ಬಳಿ ನೆಲಕ್ಕಪ್ಪಳಿಸಿ ಅದರಲ್ಲಿದ್ದ ಎಂಟು ಮಂದಿಯೂ ಸತ್ತರು. ಮಾರ್ಚ್‌ನಲ್ಲಿ ಹಿಮ ಕರಗತೊಡಗಿದಾಗ ಮಳೆಯೂ ಜೊತೆಗೂಡಿತು. ಕಲ್ಲಿನಂತೆ ಗಟ್ಟಿಯಾಗಿದ್ದ ನೆಲ ನೀರು ಕುಡಿಯಲಿಲ್ಲ. ನೆರೆ ಬಂದು ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳಿಗೆ ನುಗ್ಗಿತು.

ಅದೇ ಕತ್ತಲೆಯ ತಿಂಗಳಲ್ಲಿ, 1947ರ ಫೆಬ್ರುವರಿ 20ರಂದು, ಪ್ರಧಾನಿ ಅಟ್ಲಿ ಲಂಡನ್ನಿನ ಸಂಸತ್ತಿನಲ್ಲಿ 1948ರ ಜೂನ್ ಒಳಗೆ ಭಾರತದ ಅಧಿಕಾರ ಬಿಟ್ಟುಕೊಡುವುದಾಗಿ ಘೋಷಿಸಿದರು. ಚಳಿಯಿಂದ ಸ್ವಾತಂತ್ರ್ಯ ಬಂತೆಂದು ಹೇಳುವುದು ಮೂರ್ಖತನ; ಅದರ ಹಿಂದೆ ಇಲ್ಲಿನವರ ದಶಕಗಳ ಹೋರಾಟವಿತ್ತು. ಆದರೆ ಸೂರ್ಯ ಮುಳುಗದ ಸಾಮ್ರಾಜ್ಯವೆನಿಸಿಕೊಂಡದ್ದು ತನ್ನ ರಾಜಧಾನಿಯಲ್ಲಿ ಮೂರು ವಾರ ಸೂರ್ಯನನ್ನೇ ಕಾಣದೆ ಮೇಣದಬತ್ತಿ ಹಚ್ಚಿಕೊಂಡು ಕುಳಿತಿದ್ದ ಹೊತ್ತಿನಲ್ಲಿ ಆ ಮಾತು ಬಂತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬಹುದು.

ಉಷ್ಣಮಾಪಕ ಗಾಳಿಯ ಶಾಖವನ್ನು ಅಳೆಯುತ್ತದೆ. ಒಲೆಯಲ್ಲಿ ಇದ್ದಲಿದೆಯೇ, ಮೈಮೇಲೆ ಕಂಬಳಿಯಿದೆಯೇ ಎಂದು ಅದು ಕೇಳುವುದಿಲ್ಲ. 1947ನ್ನು ನೆನೆದವರು ಹೇಳಿದ್ದು ಉಷ್ಣಾಂಶವನ್ನಲ್ಲ, ಕಷ್ಟವನ್ನು. ಇಂದಿಗೂ ಅಲ್ಲಿ ಚಳಿಗಾಲದಲ್ಲಿ ಸಾವುಗಳು ಹೆಚ್ಚು. ಅದರಲ್ಲೂ ವಯಸ್ಸಾದವರು, ಮನೆ ಬೆಚ್ಚಗಿಡುವಷ್ಟು ಹಣವಿಲ್ಲದವರು ಮೊದಲು ಬಲಿಯಾಗುತ್ತಾರೆ. ಒಂದೇ ಚಳಿ ಎಲ್ಲ ಮನೆಗಳಲ್ಲೂ ಒಂದೇ ಆಗಿರುವುದಿಲ್ಲ.

ಇನ್ನು ಯಾರ ನೆನಪಿಗೂ ಸಿಗದ, ಹಳೆಯ ಚಿತ್ರಗಳಲ್ಲಷ್ಟೇ ಉಳಿದಿರುವ ಚಳಿಗಾಲಗಳಿವೆ. 1683–84ರಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಅಂಗಡಿ ಬೀದಿಗಳೆದ್ದವು, ಗಾಡಿಗಳು ಓಡಿದವು. ಹಿಮದ ಮೇಲೆಯೇ ಇಟ್ಟಿದ್ದ ಅಚ್ಚಿನ ಯಂತ್ರದಲ್ಲಿ ದೊರೆ ಎರಡನೆಯ ಚಾರ್ಲ್ಸ್ ತನ್ನ ಹೆಸರು ಅಚ್ಚು ಹಾಕಿಸಿಕೊಂಡ. ಅಂಥ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ. ಆಗ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಬಳಿ ಆನೆಯೊಂದನ್ನು ನದಿ ದಾಟಿಸಿದರಂತೆ. ಅಲ್ಲಿಂದ ಸ್ವಲ್ಪ ಮೇಲ್ಗಡೆ, ಇದೇ ನದಿಯ ದಡದಲ್ಲಿ, 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದೆ. ಅದನ್ನು ನೋಡಲು ಹೋಗುವ ಕನ್ನಡಿಗರ ಕಣ್ಣಿಗೆ ಥೇಮ್ಸ್ ಹರಿಯುತ್ತಲೇ ಕಾಣುತ್ತದೆ, ಹೆಪ್ಪುಗಟ್ಟಿ ಅಲ್ಲ.

ಹಾಗಾದರೆ ಚಳಿ ಕಡಿಮೆಯಾಯಿತೇ? ಇಲ್ಲೊಂದು ಸೋಜಿಗವಿದೆ. ಮೂರು ತಿಂಗಳ ಸರಾಸರಿಯಲ್ಲಿ 1963ರ ಚಳಿಗಾಲ 1814ರದ್ದಕ್ಕಿಂತ ಹೆಚ್ಚು ಕೊರೆಯುವಂಥದು. ಆದರೂ 1963ರಲ್ಲಿ ಥೇಮ್ಸ್ ಮೇಲ್ಭಾಗದಲ್ಲಿ ಹೆಪ್ಪುಗಟ್ಟಿತೇ ಹೊರತು ಲಂಡನ್ನಿನ ನಡುವೆ ಜಾತ್ರೆ ನಡೆಯಲಿಲ್ಲ. ಬದಲಾದದ್ದು ನದಿ. ಹಳೆಯ ಲಂಡನ್ ಸೇತುವೆಗೆ ಒತ್ತೊತ್ತಾಗಿ ದಪ್ಪ ಕಂಬಗಳಿದ್ದವು. ಅವು ಅಣೆಕಟ್ಟಿನಂತೆ ನೀರನ್ನು ತಡೆದು ನಿಧಾನ ಮಾಡುತ್ತಿದ್ದವು. ನಿಂತ ನೀರು ಬೇಗ ಹೆಪ್ಪುಗಟ್ಟುತ್ತದೆ, ಹರಿಯುವ ನೀರು ಒಪ್ಪುವುದಿಲ್ಲ. 1831ರಲ್ಲಿ ಹೊಸ ಸೇತುವೆ ತೆರೆದು ಹಳೆಯದನ್ನು ಕೆಡವಿದರು. ಮುಂದೆ ದಡಗಳನ್ನು ಕಟ್ಟಿ ನದಿಯನ್ನು ಕಿರಿದಾಗಿಸಿದ್ದರಿಂದ ಹರಿವು ಇನ್ನಷ್ಟು ಚುರುಕಾಯಿತು. ಜಾತ್ರೆ ನಡೆಯಿತೋ ಇಲ್ಲವೋ ಎಂಬುದರಿಂದ ಚಳಿಯನ್ನು ಅಳೆಯ ಹೊರಟವರು ಅಳೆದದ್ದು ಸೇತುವೆಯನ್ನು!

ಅಷ್ಟಕ್ಕೂ ಬ್ರಿಟನ್ ಅಷ್ಟು ಉತ್ತರದಲ್ಲಿದ್ದೂ ಹಿಮ ಬಿದ್ದರೆ ಸುದ್ದಿಯಾಗುವುದೇಕೆ? ಭೂಪಟ ತೆಗೆದು ನೋಡಿ. ಎಡಿನ್‌ಬರೊ ಮತ್ತು ಮಾಸ್ಕೋ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಮಾಸ್ಕೋದ ಜನವರಿ ಶೂನ್ಯಕ್ಕಿಂತ ಬಹಳ ಕೆಳಗಿದ್ದರೆ ಎಡಿನ್‌ಬರೊದ್ದು ಶೂನ್ಯಕ್ಕಿಂತ ಮೇಲಿರುತ್ತದೆ. ಕಾರಣ ಪಕ್ಕದಲ್ಲಿರುವ ಅಟ್ಲಾಂಟಿಕ್ ಸಾಗರ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಗಾಳಿಗೆ ಬೇಕಾದ ಶಾಖದ ನಾಲ್ಕು ಪಟ್ಟು ಬೇಕು. ಆದ್ದರಿಂದ ಸಾಗರವೆಂದರೆ ಬೇಸಿಗೆಯ ಶಾಖವನ್ನು ತುಂಬಿಟ್ಟ ಕಣಜ. ಪಶ್ಚಿಮದಿಂದ ಬೀಸುವ ಗಾಳಿ ಆ ಕಣಜದಿಂದ ಚಳಿಗಾಲವಿಡೀ ಬ್ರಿಟನ್ನಿಗೆ ಶಾಖ ಹೊತ್ತು ತರುತ್ತದೆ.

ಕೆಲವು ವರ್ಷ ಐಸ್‌ಲ್ಯಾಂಡ್ ಅಥವಾ ಸ್ಕ್ಯಾಂಡಿನೇವಿಯಾದ ಸುತ್ತ ಅಧಿಕ ಒತ್ತಡದ ಪ್ರದೇಶವೊಂದು ರಸ್ತೆಗೆ ಅಡ್ಡ ನಿಂತ ಎತ್ತಿನ ಗಾಡಿಯಂತೆ ವಾರಗಟ್ಟಲೆ ಕದಲದೆ ಕೂರುತ್ತದೆ. ಪಶ್ಚಿಮದ ಗಾಳಿಗೆ ದಾರಿ ಕಟ್ಟುತ್ತದೆ. ಪೂರ್ವದಿಂದಲೋ ಉತ್ತರ ಧ್ರುವದ ಕಡೆಯಿಂದಲೋ ಕೊರೆಯುವ ಗಾಳಿ ನುಗ್ಗುತ್ತದೆ. 1947, 1963, 2010, ಮೂರರಲ್ಲೂ ಮೂಲ ಕಾರಣ ಇದೇ. ಒಮ್ಮೆ ಹಿಮ ಹಾಸಿತೆಂದರೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಹೊಸ ಹಿಮ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುವುದರಿಂದ ನೆಲ ಬೆಚ್ಚಗಾಗುವುದೇ ಇಲ್ಲ.

2000ರಲ್ಲಿ ಅಲ್ಲಿನ ಪತ್ರಿಕೆಯೊಂದು ಹಿಮಪಾತ ಇನ್ನು ಗತಕಾಲದ ಮಾತು ಎಂಬರ್ಥದ ತಲೆಬರಹ ಹಾಕಿತ್ತು. 2010ರಲ್ಲಿ ಅದನ್ನು ಎತ್ತಿ ತೋರಿಸಿ, ಭೂಮಿ ಬಿಸಿಯಾಗುತ್ತಿದೆ ಎಂದವರೆಲ್ಲಿ ಎಂದು ನಕ್ಕವರು ಬಹಳ. ಆದರೆ ಬ್ರಿಟನ್ ನಡುಗುತ್ತಿದ್ದ ಅದೇ ಡಿಸೆಂಬರ್‌ನಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮ ಭಾಗ ಎಂದಿಗಿಂತ ಬೆಚ್ಚಗಿತ್ತು. ಇಡೀ ಭೂಮಿಯ ಲೆಕ್ಕದಲ್ಲಿ 2010 ಅಲ್ಲಿಯವರೆಗಿನ ಅತ್ಯಂತ ಬಿಸಿ ವರ್ಷಗಳಲ್ಲಿ ಒಂದಾಯಿತು. ಆತುರದ ತಲೆಬರಹವೂ ತಪ್ಪು, ಒಂದು ತಿಂಗಳ ಚಳಿ ಹಿಡಿದು ನಕ್ಕದ್ದೂ ತಪ್ಪು. 2018ರ ಫೆಬ್ರುವರಿ ಕೊನೆಯಲ್ಲಿ ಹಿಮ ಮತ್ತೆ ಬಂತು. 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಿಸಿಲೂ ದಾಖಲಾಯಿತು. ಕಡು ಚಳಿಗಾಲ ಅಲ್ಲಿ ಇನ್ನೂ ಬರಬಹುದು. ಬರುವ ಸಂಭವ ಮಾತ್ರ ಕಡಿಮೆಯಾಗುತ್ತಿದೆ. ಇದು ಒಂದು ದಿನದ ಅನುಭವದಿಂದ ತಿಳಿಯುವ ಸಂಗತಿಯಲ್ಲ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುವಂಥದು.

ಆ ಅಂಕಿಗಳನ್ನು ಬರೆದಿಟ್ಟವರಲ್ಲಿ ಬಹುಮಂದಿ ದೊಡ್ಡ ವಿಜ್ಞಾನಿಗಳಲ್ಲ. ಬೆಳಿಗ್ಗೆ ಎದ್ದು, ಅಂಗಳಕ್ಕೆ ಹೋಗಿ, ಉಷ್ಣಮಾಪಕ ನೋಡಿ, ತಾರೀಖು ಹಾಕಿ ಬರೆದವರು. ಅದು ಯಾವ ವಾದಕ್ಕೆ ಸಾಕ್ಷಿಯಾದೀತೆಂದು ಅವರಿಗೆ ಗೊತ್ತಿರಲಿಲ್ಲ. ಒಂದು ಉಷ್ಣಮಾಪಕ, ಒಂದು ಮಳೆಮಾಪಕ, ಒಂದು ನೋಟು ಪುಸ್ತಕ ಯಾವ ಶಾಲೆಗೂ ಭಾರವಲ್ಲ. ಅಜ್ಜ ಅಜ್ಜಿಯರನ್ನು ಕೇಳಿ ಅವರು ಕಂಡ ಮಳೆ ಚಳಿಗಳ ಕಷ್ಟವನ್ನೂ ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಎಷ್ಟು ಚಳಿಯಿತ್ತು ಎಂಬುದನ್ನು ಅಂಕಿ ಹೇಳುತ್ತದೆ. ಆ ಚಳಿ ಯಾರನ್ನು ಕಾಡಿತು ಎಂಬುದನ್ನು ಅನುಭವಿಸಿದವರೇ ಹೇಳಬೇಕು.