ತೊಟ್ಟಿಲಿಂದ ಇಳಿದ ಮೇಲೆ

ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ವಾರಗಳ ಲೆಕ್ಕವನ್ನು ಕೂಸಿನ ಬೆಳವಣಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಹೆರಿಗೆಗೆ ಮುಂಚೆಯೇ ಕೆಲವು ವಾರ ಕಳೆದಿರುತ್ತವೆ. ತಾಯಿ ಕೆಲಸಕ್ಕೆ ಮರಳುವ ಹೊತ್ತಿಗೆ ಮಗುವಿಗೆ ಐದೋ ಆರೋ ತಿಂಗಳು. ಅಲ್ಲಿಯವರೆಗೆ ಅದು ಮಲಗಿಸಿದಲ್ಲಿ ಮಲಗಿರುತ್ತಿತ್ತು, ಎದೆಹಾಲು ಸಾಕಾಗುತ್ತಿತ್ತು. ಆರು ತಿಂಗಳಿಗೆ ಮೇಲೂಟ ಶುರುವಾಗುತ್ತದೆ. ಕೂಸು ತೆವಳುತ್ತದೆ, ಅಂಬೆಗಾಲಿಡುತ್ತದೆ, ಗೋಡೆ ಹಿಡಿದು ನಿಲ್ಲುತ್ತದೆ. ನೋಡಿಕೊಳ್ಳುವ ಕೆಲಸ ಹೆಚ್ಚಾಗುವ ಹೊತ್ತಿಗೆ ಸರಿಯಾಗಿ ರಜೆ ಮುಗಿಯುತ್ತದೆ. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಗೆ, ಚೆಕ್ಕಿಂಗ್, ಪ್ಯಾಕಿಂಗ್ ಮಾಡುವ ಹೆಂಗಸರಲ್ಲಿ ಪೀಸ್‌ರೇಟಿಗೆ ದುಡಿಯುವ ಎಷ್ಟೋ ಮಂದಿಗೆ ಆ ರಜೆಯೂ ದಕ್ಕುವುದಿಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗಿನ ಈ ಅವಧಿಯನ್ನು ನಾವು ಆಯಾ ಮನೆಯ ತಾಪತ್ರಯವೆಂದು ಬಿಟ್ಟುಬಿಟ್ಟಿದ್ದೇವೆ. ಅದು ಊರಿನ ಜವಾಬ್ದಾರಿ, ಆ ತಾಯಂದಿರನ್ನು ದುಡಿಸಿಕೊಳ್ಳುವ ಉದ್ಯಮದ ಜವಾಬ್ದಾರಿ ಎಂಬುದು ನನ್ನ ವಾದ. ಮಗುವನ್ನು ನೋಡಿಕೊಳ್ಳುವ ಕೆಲಸ ನಡೆಯಬೇಕಾದದ್ದು ಕಾರ್ಖಾನೆಯ ಮೂಲೆಯಲ್ಲಲ್ಲ, ಕಾರ್ಮಿಕರು ವಾಸಿಸುವ ಬೀದಿಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ಕಂಡುಕೊಂಡ ಪ್ರಕಾರ, ಒಂದು ಮಗು ಎಂಟು ತಿಂಗಳು ದಾಟುತ್ತಲೇ ಆಸರೆಯಿಲ್ಲದೆ ನಡೆಯಬಹುದು, ಇನ್ನೊಂದಕ್ಕೆ ಹದಿನೇಳೂವರೆ ತಿಂಗಳು ಹಿಡಿಯಬಹುದು, ಎರಡೂ ಸಹಜವೇ. ಹಾಗಾಗಿ ಇಂಥ ದಿನದಿಂದ ಕಣ್ಣಿಟ್ಟಿದ್ದರೆ ಸಾಕು ಎಂದು ಗೆರೆ ಎಳೆಯಲಾಗುವುದಿಲ್ಲ. ತಿರುಪ್ಪೂರಿನ ಲೈನ್ ಮನೆಯೆಂದರೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆ. ನೀರು ಬಿಟ್ಟ ದಿನ ತುಂಬಿಟ್ಟ ಬಕೆಟ್ಟು, ಡ್ರಮ್ಮು ಕೋಣೆಯೊಳಗೇ ಇರುತ್ತವೆ. ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ತಲೆಯ ಭಾರ ಹೆಚ್ಚು. ಬಕೆಟ್ಟಿನ ಅಂಚು ಹಿಡಿದು ಬಗ್ಗಿದ್ದು ತಲೆಕೆಳಗಾಗಿ ಬಿದ್ದರೆ ಮೇಲೇಳಲಾರದು, ಅರ್ಧ ಬಕೆಟ್ಟು ನೀರೂ ಜೀವ ತೆಗೆಯುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಜೋಡಿಸಿ ಸಣ್ಣ ವಸ್ತು ಹೆಕ್ಕುವುದನ್ನು ಕಲಿತ ಮಗು ನೆಲದಲ್ಲಿ ಬಿದ್ದ ಗುಂಡಿಯನ್ನೂ ದಾರದ ತುಂಡನ್ನೂ ನೇರ ಬಾಯಿಗೆ ಒಯ್ಯುತ್ತದೆ. ಮನೆಯಲ್ಲೇ ದುಡಿಯುವವರಿಗೂ ಈ ಕಷ್ಟ ತಪ್ಪಿದ್ದಲ್ಲ. ಮೇಟ್ಟುಪಾಳ್ಯದ ಹತ್ತಿರದ ಸಿರುಮುಗೈಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ನೇಕಾರರ ಮನೆಯಲ್ಲಿ ಸೀರೆಯ ಜೋಲಿ ಕಟ್ಟಿ, ಅದರ ಹಗ್ಗವನ್ನು ಆಗಾಗ ಎಳೆಯುತ್ತ ತಾಯಿ ಮಗ್ಗದಲ್ಲಿ ಕೂರಬಹುದು. ಆದರೆ ಜೋಲಿಯಿಂದ ತಾನೇ ಇಳಿಯಲು ಕಲಿತ ಮಗುವಿಗೆ ಮಗ್ಗದ ಗುಂಡಿ, ಲಾಳಿ, ಎಳೆದು ಕಟ್ಟಿದ ಹಾಸು ಎಲ್ಲವೂ ಆಟದ ಸಾಮಾನು. ಊಟದ ಕೆಲಸವೂ ಸಣ್ಣದಲ್ಲ. ಒಂದು ಬಟ್ಟಲು ರಾಗಿ ಗಂಜಿ ಒಳಗೆ ಹೋಗಲು ಅರ್ಧ ಗಂಟೆ ಬೇಕು. ಮಗು ಎರಡು ತುತ್ತು ನುಂಗುತ್ತದೆ, ಮೂರನೆಯದನ್ನು ಉಗುಳುತ್ತದೆ, ಮುಖ ತಿರುಗಿಸುತ್ತದೆ, ಮತ್ತೆ ತಾನೇ ಬಾಯಿ ತೆರೆಯುತ್ತದೆ. ಹೊಟ್ಟೆ ಸಣ್ಣದಾದ್ದರಿಂದ ಇದನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಾಡಬೇಕು. ಮನೆಯಲ್ಲಿ ಧಾನ್ಯವಿದ್ದರೂ ಮಗು ಸೊರಗುವುದಕ್ಕೆ ಒಂದು ಕಾರಣ, ಆ ಅರ್ಧ ಗಂಟೆ ಎದುರು ಕೂರುವವರು ಇಲ್ಲದಿರುವುದು.

ಈ ವಯಸ್ಸಿನ ಮಹತ್ವ ತಮಿಳುನಾಡಿಗೆ ಗೊತ್ತಿಲ್ಲದ್ದೇನಲ್ಲ. 1980ರಲ್ಲಿ ಶುರುವಾದ ಅಲ್ಲಿಯ ಸಮಗ್ರ ಪೋಷಣಾ ಯೋಜನೆ 6ರಿಂದ 36 ತಿಂಗಳ ಮಕ್ಕಳನ್ನೇ ಗುರಿಯಾಗಿಟ್ಟುಕೊಂಡು ತಿಂಗಳು ತಿಂಗಳು ತೂಕ ನೋಡಿತ್ತು. ಇಂದಿಗೂ ಅಂಗನವಾಡಿಯಿಂದ ಈ ಮಕ್ಕಳ ಮನೆಗೆ ಸತ್ತುಮಾವು ಎಂಬ ಪೌಷ್ಟಿಕ ಹಿಟ್ಟಿನ ಪೊಟ್ಟಣ ಬರುತ್ತದೆ. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಎರಡು ವರ್ಷ ತುಂಬಿದ ಮೇಲೆ. ಹಿಟ್ಟು ಮನೆಗೆ ಬಂತು, ಕಲಸಿ ತಿನ್ನಿಸುವ ಕೈ ಬರಲಿಲ್ಲ.

ಕಾನೂನಿನಲ್ಲಿ ಶಿಶುಪಾಲನಾ ಕೇಂದ್ರವಿಲ್ಲವೇ ಎಂದರೆ, ಇದೆ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅದು ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. 2017ರ ತಿದ್ದುಪಡಿ 50 ನೌಕರರ ಲೆಕ್ಕ ಇಟ್ಟು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು ಎಂದಿತು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೂ ಇದೇ ಬಗೆಯ ಕಟ್ಟಳೆ ಇತ್ತು. ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯ ಟೀ ಎಸ್ಟೇಟುಗಳಿಗೆ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಕೆಲಸದ ಜಾಗ, ಕಾರ್ಮಿಕರ ಲೈನು, ಮಗುವನ್ನು ಬಿಡುವ ಕೊಠಡಿ ಮೂರೂ ಒಂದೇ ತೋಟದೊಳಗಿವೆ. ತಿರುಪ್ಪೂರು ಹಾಗಲ್ಲ. ಹೆಣಿಗೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಕಟಿಂಗು ಹೊಲಿಗೆ ಇಸ್ತ್ರಿ ಬೇರೆ ಬೇರೆ ಜಾಬ್‌ವರ್ಕ್ ಘಟಕಗಳಲ್ಲಿ. ಎಷ್ಟೋ ಘಟಕಗಳಲ್ಲಿ 50 ಜನ ಇರುವುದೇ ಇಲ್ಲ. ಇರುವ ದೊಡ್ಡ ಕಂಪನಿಗೂ ತಾಯಿ ಬೆಳಗಿನ ಹೊತ್ತು ತುಂಬಿ ತುಳುಕುವ ಬಸ್ಸಿನಲ್ಲೋ ಕಂಪನಿಯ ವ್ಯಾನಿನಲ್ಲೋ ಹದಿನಾಲ್ಕು ತಿಂಗಳ ಮಗುವನ್ನು ಎತ್ತಿಕೊಂಡು ಬರಬೇಕು. ಕೆಲಸ ಬದಲಾದರೆ ಮಗುವಿನ ಜಾಗವೂ, ಅದು ಹೊಂದಿಕೊಂಡ ಆಯಾ ಕೂಡ ಬದಲು. ಕಾಗದದ ಮೇಲೆ ಕೊಠಡಿಯಿದ್ದೂ ಮಕ್ಕಳು ಬರುವುದಿಲ್ಲ ಎಂಬ ದೂರು ಕೇಳಿದಾಗ ತಾಯಂದಿರಿಗೆ ಇದು ಬೇಡವೆಂದು ತೀರ್ಮಾನಿಸುವುದು ತಪ್ಪು. ಅವರಿಗೆ ಬೇಡವಾಗಿರುವುದು ಆ ದೂರ.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಹಲವರು ಸೇರಿ ನಡೆಸುವ ಸಾಮೂಹಿಕ ವ್ಯವಸ್ಥೆಗೆ 2017ರ ತಿದ್ದುಪಡಿಯೇ ಅವಕಾಶ ಕೊಟ್ಟಿತು. ಕೇಂದ್ರದ 2018ರ ಮಾರ್ಗಸೂಚಿ ಕೆಲಸದ ಜಾಗದ ಹತ್ತಿರ ಅಥವಾ ಕಾರ್ಮಿಕರು ವಾಸಿಸುವ ಕಡೆ 500 ಮೀಟರ್ ಒಳಗೆ ಇರಲಿ ಎನ್ನುತ್ತದೆ. ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಾದ ಒಬ್ಬರು ಇರಲಿ ಎನ್ನುತ್ತದೆ. ಸಣ್ಣ ಘಟಕಗಳ ಮಾಲೀಕರು ತಮ್ಮಿಂದಾಗದು ಎನ್ನುವುದನ್ನು ಒಪ್ಪೋಣ. ಒಬ್ಬೊಬ್ಬರಾಗಿ ನಿಜಕ್ಕೂ ಆಗದು. ಆದರೆ ಒಬ್ಬೊಬ್ಬರಿಂದ ಆಗದ್ದನ್ನು ಸೇರಿ ಮಾಡಿದ ಊರು ತಿರುಪ್ಪೂರು. ನೊಯ್ಯಲ್ ನದಿಗೆ ಬಣ್ಣದ ನೀರು ಹರಿಯುವುದು ದೊಡ್ಡ ವ್ಯಾಜ್ಯವಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತ್ತು. ತ್ಯಾಜ್ಯ ನೀರನ್ನು ಒಟ್ಟಾಗಿ ಶುದ್ಧೀಕರಿಸುವ ಸಾಮೂಹಿಕ ಸ್ಥಾವರಗಳನ್ನು ಆ ಘಟಕಗಳು ಪಾಲು ಹಾಕಿಕೊಂಡು ನಡೆಸುತ್ತಿವೆ. ನದಿಯ ವಿಷಯದಲ್ಲಿ ಸಾಧ್ಯವಾದದ್ದು ಮಕ್ಕಳ ವಿಷಯದಲ್ಲಿ ಅಸಾಧ್ಯವೆಂದರೆ ನನಗೆ ಒಪ್ಪಿಗೆಯಿಲ್ಲ.

ಅಜ್ಜಿ ಇದ್ದಾಳಲ್ಲ ಎನ್ನುವ ಮಾತು ಗಟ್ಟಿಯಾದದ್ದು. ಅಕ್ಕರೆಯ ಅಜ್ಜಿಗೆ ಸಮನಾದ ಆಯಾ ಸಿಗುವುದು ಕಷ್ಟ. ಆದರೆ ಒಡಿಶಾ, ಬಿಹಾರದಿಂದ ಬಂದ ದಂಪತಿಯ ಅಜ್ಜಿ ಅಲ್ಲೇ ಉಳಿದಿದ್ದಾಳೆ. ಊರಿನವರ ಅಜ್ಜಿಗೂ ನಲವತ್ತೈದೋ ಐವತ್ತೋ, ಆಕೆಯೂ ದುಡಿಯಲು ಹೋಗುತ್ತಾಳೆ. ಆಗ ಮಗು ಸೇರುವುದು ಎಂಟು ಹತ್ತು ವರ್ಷದ ಅಕ್ಕನ ಸೊಂಟವನ್ನು, ಮತ್ತು ಅವಳ ಶಾಲೆ ತಪ್ಪುತ್ತದೆ. ಮೂರು ವರ್ಷ ತಾಯಿಯೇ ಮನೆಯಲ್ಲಿರಲಿ ಎನ್ನುವವರು ಬಾಡಿಗೆ ಯಾರು ಕಟ್ಟುತ್ತಾರೆಂದು ಹೇಳುವುದಿಲ್ಲ. ಮಕ್ಕಳನ್ನು ಗುಂಪಾಗಿ ಇಟ್ಟರೆ ನೆಗಡಿ, ಭೇದಿ ಬೇಗ ಹರಡುತ್ತವೆ ಎಂಬುದೂ ನಿಜ. ಅದಕ್ಕೆ ಉತ್ತರ ಸೋಪು, ಕುದಿಸಿ ಆರಿಸಿದ ನೀರು, ಒಬ್ಬ ಆಯಾಗೆ ಇಪ್ಪತ್ತು ಮಕ್ಕಳನ್ನು ಒಪ್ಪಿಸದಿರುವುದು.

ಇಲ್ಲಿಯ ಕನ್ನಡಿಗರಿಗೆ ತಮ್ಮ ಮಾತಿನ ಬಗ್ಗೆ ಇನ್ನೊಂದು ಆತಂಕ ಇರಬಹುದು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ದೇವಾಂಗರು, ಒಕ್ಕಲಿಗರು ಈ ಸೀಮೆಗೆ ಹೊಸಬರಲ್ಲ. ಶಾಲೆಯಲ್ಲಿ ತಮಿಳು ಓದಿಯೂ ಅವರ ಮನೆಗಳಲ್ಲಿ ಕನ್ನಡ ಉಳಿದಿರುವುದು ತೊದಲು ಕಲಿಯುವ ಈ ಒಂದೆರಡು ವರ್ಷದಲ್ಲಿ ಕಿವಿಗೆ ಬಿದ್ದ ಮಾತಿನಿಂದ. ಮಗು ದಿನವಿಡೀ ತಮಿಳು ಆಯಾಳ ಬಳಿ ಇದ್ದರೆ ಅದು ಹೋದೀತಲ್ಲ? ದೂರದ ಕಾರ್ಖಾನೆಯ ಕೇಂದ್ರದಲ್ಲಿ ಖಂಡಿತ ಹೋದೀತು. ಬೀದಿಯ ಕೇಂದ್ರದಲ್ಲಿ ಆಯಾ ಅದೇ ಬೀದಿಯವಳಾಗಿರಬಹುದು, ಮಗುವಿನ ಹಟಕ್ಕೂ ಹಸಿವಿಗೂ ಅದರ ಮನೆಮಾತಿನಲ್ಲೇ ಓಗೊಡಬಹುದು. ಒಡಿಯಾ ಮಗುವಿಗೂ ಈ ಮಾತು ಸಲ್ಲುತ್ತದೆ.

ಕೊನೆಗೆ ವೇಳೆಯ ಪ್ರಶ್ನೆ. ತಿರುಪ್ಪೂರಿನಲ್ಲಿ ಒಂದೂವರೆ ಶಿಫ್ಟ್ ಎಂದರೆ ಬೆಳಗ್ಗೆ ಎಂಟೂವರೆಯಿಂದ ರಾತ್ರಿ ಎಂಟೂವರೆ. ಸಂಜೆ ಐದಕ್ಕೆ ಬೀಗ ಹಾಕುವ ಕೇಂದ್ರದಿಂದ ಪ್ರಯೋಜನವಿಲ್ಲ. ಹಾಗೆಂದು ಹನ್ನೆರಡು ತಾಸು ಒಬ್ಬಳೇ ಆಯಾ ನಿಲ್ಲುವಂತೆಯೂ ಇಲ್ಲ. ಎರಡು ಪಾಳಿಯ ಸಂಬಳ ಲೆಕ್ಕಕ್ಕೆ ಬರಬೇಕು, ಅದು ಹೊಲಿಗೆಯವಳ ಸಂಬಳಕ್ಕಿಂತ ಕಡಿಮೆಯಿರಬಾರದು. ಗೌರವಧನವೆಂದು ಕೈಗೆ ಇಷ್ಟು ಹಾಕಿದರೆ ಪಳಗಿದವರು ಮಷಿನ್ ಹಿಡಿಯಲು ಹೋಗುತ್ತಾರೆ, ಮಗು ಪ್ರತಿ ತಿಂಗಳು ಹೊಸ ಮುಖಕ್ಕೆ ಅಳಬೇಕಾಗುತ್ತದೆ. ಈ ಖರ್ಚನ್ನು ಒಂದೊಂದು ಬನಿಯನ್ನಿನ ಬೆಲೆಯಲ್ಲಿ ಸೇರಿಸುವ ಮಾತನ್ನು ಮಾಲೀಕರ ಸಂಘವೂ ವಿದೇಶದ ಖರೀದಿದಾರರೂ ಆರ್ಡರಿನ ಮೇಜಿನ ಮೇಲೆಯೇ ಆಡಬೇಕು.